ದೆವ್ವಕ್ಕೂ ಜಾತಿ, ನಿದ್ದೆಗೂ ಜಾತಿ

ದೆವ್ವಕ್ಕೂ ಜಾತಿ ಇದೆ. ಗೊತ್ತಿಲ್ಲದವರು ನಮ್ಮ ಮಲೆನಾಡಿನ ಕಡೆ ಬಂದು ನೋಡಲಿ. ಬ್ರಾಹ್ಮಣನೊಬ್ಬ ಸತ್ತು ದೆವ್ವವಾದರೆ ಅವನು ಬ್ರಹ್ಮರಾಕ್ಷಸ. ಅವನಿಗೆ ಅರಳಿಮರದ ವಾಸ, ದೀಪ, ನೈವೇದ್ಯ. ಸತ್ತ ಮೇಲೂ ಅವನಿಗೆ ಸಂಸ್ಕೃತ ಮರೆತಿಲ್ಲವಂತೆ, ಹಾದು ಹೋಗುವವರನ್ನು ವಾದಕ್ಕೆ ಕರೆಯುತ್ತಾನಂತೆ. ನಮ್ಮ ಕೇರಿಯ ಹೆಂಗಸು ಬಾಣಂತಿಯಾಗಿ ಸತ್ತರೆ ಅವಳು ಹುಣಸೆಮರದ ಪೀಡೆ. ಅವಳಿಗೆ ಚಪ್ಪಲಿ ಏಟು, ಮೆಣಸಿನಕಾಯಿ ಹೊಗೆ, ಬೇವಿನ ಬರಲು. ಬದುಕಿದ್ದಾಗ ಊರಿನ ಹೊರಗೆ ಇಟ್ಟರು, ಸತ್ತ ಮೇಲೆ ಮರದ ಮೇಲೆ ಇಟ್ಟರು. ಅಲ್ಲಿಂದ ಇಳಿಸಿದ್ದು ಇನ್ನೊಬ್ಬ ನಮ್ಮ ಹೆಂಗಸಿನ ಮೈಮೇಲೆ. ಯಾಕೆ? ಹೊಡೆಯೋದಕ್ಕೆ.

ಈ ದೆವ್ವಗಳು ಬರುವ ಹೊತ್ತು ಯಾವುದು? ಬಹುಪಾಲು ರಾತ್ರಿ, ನಿದ್ದೆಯಲ್ಲಿ. ಮಲಗಿದ್ದ ಹುಡುಗಿ ಎದ್ದು ಅಗಳಿ ತೆಗೆದು ಅಂಗಳದಲ್ಲಿ ನಡೆದಳು. ಹುಡುಗ ಸರಿರಾತ್ರಿಯಲ್ಲಿ ಕಿಟಾರನೆ ಕಿರುಚಿ ಕೂತ, ಹೆತ್ತವ್ವನ ಗುರುತೂ ಹಿಡೀಲಿಲ್ಲ. ಕೂಲಿ ಮುಗಿಸಿ ಮಲಗಿದವನ ಎದೆ ಮೇಲೆ ಬೆಳಗಿನ ಜಾವ ಯಾರೋ ಕೂತು ಅಮುಕಿದರು. ಕಣ್ಣು ಬಿಟ್ಟಿದ್ದಾನೆ, ಸೂರು ಕಾಣುತ್ತೆ, ಕೈ ಎತ್ತಕ್ಕಾಗಲ್ಲ, ಕೂಗಕ್ಕಾಗಲ್ಲ. ಅರವತ್ತರ ಮುದುಕ ನಿದ್ದೆಯಲ್ಲೇ ಯಾರನ್ನೋ ಬೈದು ಪಕ್ಕದಲ್ಲಿ ಮಲಗಿದ್ದ ಹೆಂಡತಿಗೆ ಒದ್ದ.

ಈ ನಾಲ್ಕಕ್ಕೂ ನಮ್ಮ ಊರುಗಳು ಕೊಡುವ ಉತ್ತರ ಒಂದೇ: ಗಾಳಿ ಮೆಟ್ಟಿದೆ. ವಿಜ್ಞಾನ ಕೊಡುವ ಉತ್ತರ ಬೇರೆ ಬೇರೆ, ಆದರೆ ಎಲ್ಲವೂ ಮೆದುಳಿನೊಳಗಿವೆ. ಆ ಉತ್ತರಗಳು ನಮ್ಮ ಕೇರಿಗೆ, ನಮ್ಮ ಲೈನು ಮನೆಗಳಿಗೆ ಯಾಕೆ ಬಂದು ಮುಟ್ಟಲಿಲ್ಲ, ಮುಟ್ಟದಿದ್ದರೆ ಯಾರಿಗೆ ಲಾಭ ಅನ್ನೋದೇ ಈ ಬರಹದ ಜಗಳ.

ಕೆಮ್ಮಣ್ಣುಗುಂಡಿಯಿಂದಲೇ ಶುರು ಮಾಡೋಣ. ಆ ಹೆಸರನ್ನು ಬಿಡಿಸಿ ನೋಡಿ. ಕೆಂಪು ಮಣ್ಣಿನ ಗುಂಡಿ. ಗುಂಡಿ ತಾನಾಗಿ ಬೀಳಲ್ಲ, ಯಾರೋ ತೋಡಬೇಕು. 1,434 ಮೀಟರ್ ಎತ್ತರದ ಈ ಬೆಟ್ಟಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯಲು ಬರುತ್ತಿದ್ದರು. ಅದಕ್ಕೇ ಕೃಷ್ಣರಾಜೇಂದ್ರ ಗಿರಿಧಾಮ ಅನ್ನುವ ಇನ್ನೊಂದು ಹೆಸರು. ಇದೇ ಬೆಟ್ಟದಲ್ಲಿ ಕಬ್ಬಿಣದ ಅದಿರು ಅಗೆದು, ಹಗ್ಗದ ದಾರಿಯ ತೊಟ್ಟಿಲುಗಳಲ್ಲಿ ಕೆಳಗಿಳಿಸಿ, ಭದ್ರಾವತಿಯ ಕಾರ್ಖಾನೆಗೆ ಸಾಗಿಸುತ್ತಿದ್ದರು. 1923ರಲ್ಲಿ ಅಲ್ಲಿ ಊದುಕುಲುಮೆ ಹೊತ್ತಿತು. ಅದು ಸುತ್ತಲ ಕಾಡಿನ ಇದ್ದಿಲು ತಿಂದು ಉರಿಯಿತು. ಊದುಕುಲುಮೆಗೆ ಹಗಲು ರಾತ್ರಿ ಅಂತಿಲ್ಲ, ಆರಿಸುವ ಹಾಗಿಲ್ಲ. ಅದು ಮಲಗದಿದ್ದರೆ ಅದರ ಮುಂದೆ ನಿಂತವನೂ ಮಲಗುವ ಹಾಗಿಲ್ಲ. ಒಂದೇ ಬೆಟ್ಟ. ರಾಜ ತಣ್ಣಗೆ ಮಲಗೋದಕ್ಕೆ ಬಂದ, ಕೂಲಿ ನಿದ್ದೆಗೆಟ್ಟು ದುಡಿಯೋದಕ್ಕೆ ಬಂದ.

ಗಣಿ ನಿಂತು ವರ್ಷಗಳೇ ಆದವು. ಈಗ ಬರುವವರು ಗುಲಾಬಿ ತೋಟ ನೋಡ್ತಾರೆ, ಝಡ್ ಪಾಯಿಂಟಿನ ಅಂಚಿನಲ್ಲಿ ನಿಂತು ಫೋಟೋ ತೆಗೆಸ್ಕೋತಾರೆ, ಹೆಬ್ಬೆ ಜಲಪಾತದಲ್ಲಿ ನೆನೀತಾರೆ. ರಾತ್ರಿ ಬೆಂಕಿ ಹಾಕಿಕೊಂಡು ದೆವ್ವದ ಕತೆ ಹೇಳ್ತಾರೆ. ಅವರಿಗೆ ದೆವ್ವ ಒಂದು ಮೋಜು. ಅದೇ ಹೊತ್ತಿನಲ್ಲಿ ಕೆಳಗಿನ ಕಾಫಿ ತೋಟದ ಲೈನಿನಲ್ಲಿ ಯಾವುದೋ ತಾಯಿ ಕಿರುಚುವ ಮಗುವನ್ನು ಅವುಚಿಕೊಂಡು, ಬೆಳಗಾದರೆ ಮಂತ್ರವಾದಿಗೆ ಕೊಡೋದಕ್ಕೆ ದುಡ್ಡು ಎಲ್ಲಿಂದ ತರಲಿ ಅಂತ ಯೋಚಿಸ್ತಾ ಕೂತಿರುತ್ತಾಳೆ.

ಸರಿ, ನಿದ್ದೆಯಲ್ಲಿ ಏನಾಗುತ್ತೆ? ನಿದ್ದೆ ಅಂದರೆ ಮೆದುಳು ದೀಪ ಆರಿಸಿ ಸುಮ್ಮನಾಗೋದು ಅಂತ ನಾವು ತಿಳಿದಿದ್ದೇವೆ. ಅದು ಸುಳ್ಳು. 1953ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬಿಬ್ಬರು, ಮಲಗಿದವರ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಸರಸರನೆ ಓಡಾಡುವ ನಿದ್ದೆಯೊಂದಿದೆ ಅಂತ ತೋರಿಸಿದರು. ಎದ್ದುಕಾಣುವ ಕನಸುಗಳು ಹೆಚ್ಚಾಗಿ ಬೀಳೋದು ಆಗಲೇ. ಇದನ್ನು ಕನಸಿನ ನಿದ್ದೆ ಅನ್ನೋಣ. ಇನ್ನೊಂದು ಆಳದ ನಿದ್ದೆ. ರಾತ್ರಿಯೆಲ್ಲ ಇವೆರಡೂ ಸುಮಾರು ಒಂದೂವರೆ ಗಂಟೆಗೊಂದು ಸುತ್ತಿನ ಹಾಗೆ ಬಂದು ಹೋಗ್ತವೆ. ರಾತ್ರಿಯ ಮೊದಲ ಪಾಲಿನಲ್ಲಿ ಆಳದ ನಿದ್ದೆ ಜಾಸ್ತಿ, ಬೆಳಗಿನ ಕಡೆಗೆ ಕನಸಿನ ನಿದ್ದೆ ಜಾಸ್ತಿ. ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಅರ್ಧ ದೆವ್ವಗಳ ವಿಳಾಸ ಸಿಗುತ್ತೆ.

ನಡೆಯುವ ಹುಡುಗಿಯ ಮತ್ತು ಕಿರುಚುವ ಹುಡುಗನ ವಿಳಾಸ ಆಳದ ನಿದ್ದೆ. ಆ ನಿದ್ದೆಯಿಂದ ಮೆದುಳು ಪೂರ್ತಿ ಏಳದೆ ಅರ್ಧ ಎದ್ದಿರುತ್ತೆ. ಕೈಕಾಲು ಆಡಿಸುವ ಭಾಗ, ಭಯ ಹುಟ್ಟಿಸುವ ಭಾಗ ಎದ್ದಿವೆ. ಯೋಚಿಸುವ, ಇದು ಯಾವ ಜಾಗ ಅಂತ ಗುರುತಿಸುವ, ನೆನಪಿಡುವ ಹಣೆಯ ಹಿಂದಿನ ಭಾಗ ಇನ್ನೂ ಮಲಗಿದೆ. 2000ದಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು ನಿದ್ದೆಯಲ್ಲಿ ನಡೆಯುತ್ತಿದ್ದವನೊಬ್ಬನ ಮೆದುಳಿನ ರಕ್ತ ಓಡಾಟದ ಚಿತ್ರ ತೆಗೆದು ಇದನ್ನೇ ಕಂಡರು. ಅದಕ್ಕೇ ಕಣ್ಣು ತೆರೆದಿದ್ದರೂ ಅವಳು ನಮ್ಮನ್ನು ನೋಡಲ್ಲ, ಬೆಳಿಗ್ಗೆ ಕೇಳಿದರೆ ಏನೂ ಗೊತ್ತಿರಲ್ಲ. ಇದು ಮನೆತನದಲ್ಲಿ ಹರಿದು ಬರುತ್ತೆ. ನಿದ್ದೆಗೆಟ್ಟರೆ, ಜ್ವರ ಬಂದರೆ, ಮನಸ್ಸಿಗೆ ಏಟು ಬಿದ್ದರೆ ಜಾಸ್ತಿಯಾಗುತ್ತೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ 2016ರಲ್ಲಿ ಕೊಟ್ಟ ಲೆಕ್ಕದಂತೆ, ಒಂದು ವರ್ಷದಲ್ಲಿ ನೂರು ಮಕ್ಕಳಲ್ಲಿ 5 ಮಕ್ಕಳು ನಿದ್ದೆಯಲ್ಲಿ ನಡೆಯುತ್ತಾರೆ. ದೊಡ್ಡವರಲ್ಲಿ ನೂರಕ್ಕೆ 1.5. ಬಹುಪಾಲು ಮಕ್ಕಳಿಗೆ ಬೆಳೀತಾ ಬೆಳೀತಾ ತಾನಾಗೇ ಬಿಟ್ಟು ಹೋಗುತ್ತೆ. ತಾನಾಗೇ ಹೋಗಿದ್ದಕ್ಕೆ ಕೋಳಿ ತಿಂದವನು ಮಾತ್ರ ಮಂತ್ರವಾದಿ.

ಎದೆ ಮೇಲೆ ಕೂತ ದೆವ್ವದ ವಿಳಾಸ ಬೇರೆ. ಕನಸಿನ ನಿದ್ದೆಯಲ್ಲಿ ಕಣ್ಣು ಮತ್ತು ವಪೆ ಬಿಟ್ಟು ಮೈಯ ಬಹುತೇಕ ಸ್ನಾಯುಗಳು ಸಡಿಲಬಿದ್ದು ಕಟ್ಟಿಹಾಕಿದ ಹಾಗೆ ಇರುತ್ತವೆ. ಹಾಗೆ ಕಟ್ಟುವ ಅಪ್ಪಣೆ ಹೊರಡೋದು ಕತ್ತಿನ ಮೇಲೆ ಮೆದುಳಿನ ಕಾಂಡದಲ್ಲಿರುವ ಪಾನ್ಸ್ ಅನ್ನುವ ಜಾಗದಿಂದ. ಗಾಬಾ, ಗ್ಲೈಸಿನ್ ಎಂಬ ಎರಡು ರಾಸಾಯನಿಕಗಳು ಆ ಅಪ್ಪಣೆಯನ್ನು ಜಾರಿ ಮಾಡ್ತವೆ. ಇದು ಮೈ ಮಾಡಿಕೊಂಡ ಕಾವಲು. ಇಲ್ಲದಿದ್ದರೆ ಕನಸಿನಲ್ಲಿ ಓಡುವವನು ಗೋಡೆಗೆ ಹೋಗಿ ಹಾಯ್ತಿದ್ದ. ಕೆಲವೊಮ್ಮೆ ಎಚ್ಚರ ಮೊದಲು ಬಂದು ಕಟ್ಟು ಬಿಚ್ಚೋದು ತಡವಾಗುತ್ತೆ. ಕೆಲವು ಸೆಕೆಂಡು, ಹೆಚ್ಚೆಂದರೆ ಕೆಲವು ನಿಮಿಷ. ಎದೆಯ ಸ್ನಾಯು ಸಡಿಲವಾಗಿರೋದರಿಂದ ಉಸಿರು ಭಾರ ಅನ್ನಿಸುತ್ತೆ. ಮೆದುಳಿನ ಭಯದ ಗಂಟೆ ಬಾರಿಸುತ್ತೆ. ಕನಸಿನ ಚೂರು ಇನ್ನೂ ಕಣ್ಣಲ್ಲಿ ಉಳಿದಿರುತ್ತೆ. ಈ ಮೂರೂ ಸೇರಿ ಒಬ್ಬ ಆಸಾಮಿ ತಯಾರಾಗಿ ಎದೆ ಮೇಲೆ ಕೂರ್ತಾನೆ. 2011ರಲ್ಲಿ 36 ಸಾವಿರಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಗೂಡಿಸಿದಾಗ, ಜೀವಮಾನದಲ್ಲಿ ಒಮ್ಮೆಯಾದರೂ ಹೀಗಾದವರು ಸಾಮಾನ್ಯ ಜನರಲ್ಲಿ ನೂರಕ್ಕೆ 7.6, ವಿದ್ಯಾರ್ಥಿಗಳಲ್ಲಿ ನೂರಕ್ಕೆ 28.3 ಇದ್ದರು. ನಿದ್ದೆ ಕದ್ದವರ ಪಾಲು ಜಾಸ್ತಿ ಅನ್ನೋದನ್ನು ಗಮನಿಸಿ.

ಈ ಆಸಾಮಿಗೆ ಬಟ್ಟೆ ಉಡಿಸೋದು ಆಯಾ ಊರು. ನ್ಯೂಫೌಂಡ್‌ಲೆಂಡಿನ ಮೀನುಗಾರರಿಗೆ ಅದು ಮುದುಕಿ. ಜಪಾನಿನವರಿಗೆ ಕನಶಿಬಾರಿ, ಅಂದರೆ ಲೋಹದ ಹಾಗೆ ಬಿಗಿದು ಕಟ್ಟುವುದು. ನಮ್ಮ ಮಲೆನಾಡಿನವರಿಗೆ ಚೌಡಿ, ಇಲ್ಲವೇ ಹೋದ ವರ್ಷ ಸತ್ತ ಪಕ್ಕದ ಮನೆಯವಳು. ಸಮುದ್ರದಾಚೆಯ ಮೀನುಗಾರನಿಗೆ ನಮ್ಮ ಚೌಡಿ ಗೊತ್ತಿಲ್ಲ, ನಮಗೆ ಅವನ ಮುದುಕಿ ಗೊತ್ತಿಲ್ಲ. ಎದೆ ಭಾರವಾಗೋದು, ಮೈ ಕಟ್ಟಿಹಾಕೋದು, ಕೋಣೆಯಲ್ಲಿ ಯಾರೋ ಇದ್ದಾರೆ ಅನ್ನಿಸೋದು ಮಾತ್ರ ಎಲ್ಲ ಕಡೆ ಒಂದೇ. ಯಾಕೆಂದರೆ ಮೆದುಳು ಒಂದೇ. ಬೇರೆ ಬೇರೆಯಾಗಿರೋದು ಕತೆ. ಆ ಕತೆಯಲ್ಲಿ ಜಾತಿ ಸೇರಿಸಿದ್ದು ನಮ್ಮ ದೇಶದ ವಿಶೇಷ.

ಒದೆಯುವ ಮುದುಕನದು ಇದಕ್ಕೆ ತಿರುಗುಮುರುಗು. ಅವನಲ್ಲಿ ಕಟ್ಟುವ ಅಪ್ಪಣೆಯೇ ಕೆಟ್ಟಿದೆ. ಫ್ರಾನ್ಸಿನ ಮಿಶೆಲ್ ಜುವೆ 1959ರಿಂದ 1965ರ ತನಕ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ, ಪಾನ್ಸಿನ ಆ ಸಣ್ಣ ಜಾಗಕ್ಕೆ ಏಟಾದರೆ ಬೆಕ್ಕು ನಿದ್ದೆಯಲ್ಲೇ ಎದ್ದು ಬೇಟೆಯಾಡುತ್ತೆ ಅಂತ ತೋರಿಸಿದ. 1986ರಲ್ಲಿ ಅಮೆರಿಕದ ಶೆಂಕ್, ಮಹೊವಾಲ್ಡ್ ಮತ್ತವರ ಜೊತೆಯವರು ಅದೇ ಕಾಯಿಲೆಯನ್ನು ಮನುಷ್ಯರಲ್ಲಿ ಗುರುತಿಸಿದರು. ಇದನ್ನು ಹಗುರವಾಗಿ ತಗೊಳ್ಳುವ ಹಾಗಿಲ್ಲ. ಬೇರೆ ಕಾರಣವಿಲ್ಲದೆ ಇದು ಬಂದ 1,280 ಜನರನ್ನು ಹಿಂಬಾಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹನ್ನೆರಡು ವರ್ಷದೊಳಗೆ ನೂರಕ್ಕೆ 70ಕ್ಕೂ ಹೆಚ್ಚು ಜನರಿಗೆ ಪಾರ್ಕಿನ್ಸನ್ ಕಾಯಿಲೆ ಅಥವಾ ಅದರ ಜಾತಿಯ ಮರೆವಿನ ರೋಗ ಬರುವ ಸಂಭವವಿದೆ. ಅಂದರೆ ಕೈ ನಡುಗೋದಕ್ಕೆ ವರ್ಷಗಳ ಮೊದಲೇ ನಿದ್ದೆ ಮುನ್ಸೂಚನೆ ಕೊಡುತ್ತಿದೆ.

ಇನ್ನೊಂದು ಮಾತು ಕೇಳಿ, ತೋಟದ ಮಾಲೀಕರಿಗೂ ಕೇಳಿಸಲಿ. 2012ರಲ್ಲಿ ಹಲವು ದೇಶಗಳ ನಿದ್ದೆ ಚಿಕಿತ್ಸಾಲಯಗಳು ಸೇರಿ ಈ ಕಾಯಿಲೆ ಯಾರಿಗೆ ಜಾಸ್ತಿ ಬರುತ್ತೆ ಅಂತ ಹುಡುಕಿದವು. ಬೇಸಾಯದ ಕೆಲಸ ಮಾಡಿದವರು, ಕೀಟನಾಶಕಕ್ಕೆ ಮೈಯೊಡ್ಡಿದವರು, ತಲೆಗೆ ಪೆಟ್ಟು ತಿಂದವರು, ಬೀಡಿ-ಸಿಗರೇಟು ಸೇದುವವರು ಅವರಲ್ಲಿ ಹೆಚ್ಚಿದ್ದರು. ಇದು ಸಂಬಂಧ ಮಾತ್ರ, ಕೊನೆಯ ತೀರ್ಪಲ್ಲ. ಆದರೂ ಕೇಳೋಣ: ಕಾಫಿ ತೋಟದಲ್ಲಿ, ಅಡಿಕೆ ತೋಟದಲ್ಲಿ ಮೂಗಿಗೆ ಒಂದು ಹರಕು ಬಟ್ಟೆ ಕಟ್ಟಿಕೊಂಡು ಬೆನ್ನ ಮೇಲೆ ಕ್ಯಾನು ಹೊತ್ತು ಔಷಧಿ ಹೊಡೆಯುವವನು ಯಾರು? ಮರದಿಂದ ಬಿದ್ದು ತಲೆ ಒಡೆದುಕೊಳ್ಳುವವನು ಯಾರು? ಅವನು ಮುದುಕನಾಗಿ ನಿದ್ದೆಯಲ್ಲಿ ಒದ್ದಾಡಿದರೆ ಅದಕ್ಕೆ ದೆವ್ವ ಅಂತ ಹೆಸರಿಟ್ಟರೆ ಯಾರ ಖರ್ಚು ಉಳಿಯುತ್ತೆ? ದೆವ್ವದ ಮೇಲೆ ಕೇಸು ಹಾಕೋದಕ್ಕೆ ಆಗಲ್ಲ ಕಣ್ರಪ್ಪಾ. ದೆವ್ವ ಪರಿಹಾರ ಕೊಡಲ್ಲ. ಅದಕ್ಕೇ ದಣಿಗಳಿಗೆ ದೆವ್ವ ಅಂದರೆ ಅಷ್ಟು ಪ್ರೀತಿ.

ಇವೆಲ್ಲದರ ನಡುವೆ ಬಚ್ಚಿಟ್ಟುಕೊಂಡಿರೋದು ಮೂರ್ಛೆ ರೋಗ. ಕೆಲವರಿಗೆ ಮೂರ್ಛೆ ಬರೋದೇ ನಿದ್ದೆಯಲ್ಲಿ. ಹಗಲಲ್ಲಿ ಚೆನ್ನಾಗಿರ್ತಾರೆ, ರಾತ್ರಿ ಒಂದೇ ಥರ ಕೈ ಸೆಟೆದು, ಕಾಲು ಬಡಿದು, ವಿಕಾರವಾಗಿ ಕೂಗಿ ಒಂದು ನಿಮಿಷದೊಳಗೆ ಸುಮ್ಮನಾಗ್ತಾರೆ. ಒಂದೇ ರಾತ್ರಿಯಲ್ಲಿ ಮೂರು ನಾಲ್ಕು ಸಲ ಬರಬಹುದು. ಮೆದುಳಿನ ಮುಂಭಾಗದಲ್ಲಿ ಏಳುವ ವಿದ್ಯುತ್ತಿನ ಬಿರುಗಾಳಿ ಇದು. ಇದು ನೋಡೋದಕ್ಕೆ ಎಷ್ಟು ವಿಚಿತ್ರ ಅಂದರೆ ಮೂರ್ಛೆ ಅಂತ ಒಪ್ಪೋದಕ್ಕೆ ವೈದ್ಯಲೋಕವೇ ತಡ ಮಾಡಿತು. ಇಟಲಿಯ ಬೊಲೊನ್ಯಾದ ಲುಗಾರೆಸಿ ಇದನ್ನು ವಿವರಿಸಿದ್ದು 1981ರಲ್ಲಿ.

ನಮ್ಮ ಕೇರಿಯಲ್ಲಿ ನನ್ನ ಓರಗೆಯ ಹುಡುಗನೊಬ್ಬನಿಗೆ ಹೀಗೇ ಆಗ್ತಿತ್ತು. ಬೆಳಿಗ್ಗೆ ನನ್ನ ಜೊತೆ ಸ್ಕೂಲಿಗೆ ಬರುತ್ತಿದ್ದ, ಲೆಕ್ಕದಲ್ಲಿ ನನಗಿಂತ ಚುರುಕು. ರಾತ್ರಿ ಕೂಗು. ಸೀಮೆಯಲ್ಲಿ ಹೆಸರಾದ ಮಂತ್ರವಾದಿಯೊಬ್ಬ ಬಂದು ಅವನ ಹೊಟ್ಟೆ ಮೇಲೆ ಕಾದ ಕಬ್ಬಿಣದಿಂದ ಬರೆ ಎಳೆದ. ಎರಡು ಕುರಿ ಮರಿ ಮಾರಿ ಅವನಿಗೆ ದಕ್ಷಿಣೆ ಕೊಟ್ಟರು. ಆಮೇಲೆ ಒಂದು ಆಸ್ಪತ್ರೆಗೆ ಕರ್ಕೊಂಡು ಹೋದರೆ ಅಲ್ಲಿನ ಡಾಕ್ಟರು ಮೈ ಮುಟ್ಟಲಿಲ್ಲ, ನಾಟಕ ಮಾಡ್ತಾನೆ ಅಂದು ಕಳಿಸಿದ. ಆರನೇ ಕ್ಲಾಸಿಗೆ ಅವನ ಓದು ನಿಂತಿತು. ಎಷ್ಟೋ ವರ್ಷಗಳ ಮೇಲೆ ಇನ್ಯಾರೋ ವೈದ್ಯರು ಕೂತು ಕೇಳಿ, ಮಾತ್ರೆ ಬರೆದುಕೊಟ್ಟ ಮೇಲೆ ರಾತ್ರಿಗಳು ತಣ್ಣಗಾದವು. ಈಗ ಅವನು ತೋಟದ ಕೂಲಿ, ನಾನು ಬಿ.ಎ. ನಮ್ಮಿಬ್ಬರ ನಡುವಿನ ಅಂತರ ಬುದ್ಧಿಯದ್ದಲ್ಲ, ಒಂದು ಮಾತ್ರೆಯದ್ದು.

ಇದು ಒಬ್ಬನ ಕತೆ ಅಂತ ತಳ್ಳಿಹಾಕಬೇಡಿ. ಬೆಂಗಳೂರಿನ ನಿಮ್ಹಾನ್ಸಿನ ಗೌರಿದೇವಿ ಮತ್ತವರ ತಂಡ 1993ರಿಂದ 1995ರವರೆಗೆ ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ 1,02,557 ಜನರನ್ನು ಪರೀಕ್ಷಿಸಿತು. ಮೂರ್ಛೆ ರೋಗ ನಗರದಲ್ಲಿ ಸಾವಿರಕ್ಕೆ 5.7, ಹಳ್ಳಿಯಲ್ಲಿ ಸಾವಿರಕ್ಕೆ 11.9. ಎರಡರಷ್ಟಕ್ಕಿಂತ ತುಸು ಹೆಚ್ಚು. ಮೂರ್ಛೆ ತಡೆಯುವ ಫಿನೋಬಾರ್ಬಿಟೋನ್ ಮಾತ್ರೆಯ ಗುಣ ತಿಳಿದಿದ್ದು 1912ರಲ್ಲಿ. ಅದು ಜಗತ್ತಿನ ಅತಿ ಅಗ್ಗದ ಔಷಧಿಗಳಲ್ಲೊಂದು. ನೂರು ವರ್ಷ ದಾಟಿದ ಅಗ್ಗದ ಮಾತ್ರೆ ಕೇರಿಗೆ ಬರೋದಕ್ಕೆ ದಾರಿ ಇಲ್ಲ, ಕಾದ ಕಬ್ಬಿಣ ಬರೋದಕ್ಕೆ ಮಾತ್ರ ರಾಜಮಾರ್ಗ. ಕಬ್ಬಿಣ ಅಗೆದ ಸೀಮೆಯವರಿಗೆ ಕಬ್ಬಿಣದಿಂದಲೇ ಬರೆ!

ಈಗ ಕಾನೂನು ಇದೆಯಲ್ಲ ಅಂತೀರಿ. ಇದೆ. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ ಕಾಯ್ದೆಯನ್ನು ಕರ್ನಾಟಕ 2017ರಲ್ಲಿ ಮಾಡಿತು, 2020ರ ಜನವರಿಯಲ್ಲಿ ಜಾರಿಗೆ ತಂದಿತು. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕೋದು, ಹೊಡೆಯೋದು, ಮೆಣಸಿನಕಾಯಿ ಹೊಗೆ ಕೊಡೋದು ಅಪರಾಧ. ಒಳ್ಳೇದು. ಆದರೆ ಜ್ಯೋತಿಷ್ಯವನ್ನೂ ವಾಸ್ತುವನ್ನೂ ಅದು ಮುಟ್ಟಲಿಲ್ಲ. ಬಡವನ ಮೌಢ್ಯಕ್ಕೆ ಪೊಲೀಸು, ಉಳ್ಳವನ ಮೌಢ್ಯಕ್ಕೆ ಟೀವಿಯಲ್ಲಿ ಒಂದು ಗಂಟೆ. ಕಾನೂನು ಮಂತ್ರವಾದಿಯ ಕೈ ಹಿಡಿಯಬಹುದು. ಆದರೆ ರಾತ್ರಿ ಕಿರುಚಿದ ಮಗುವನ್ನು ತಾಯಿ ಎಲ್ಲಿಗೆ ಕರ್ಕೊಂಡು ಹೋಗಬೇಕು? ಅದಕ್ಕೆ ಕಾನೂನಿನಲ್ಲಿ ಉತ್ತರವಿಲ್ಲ. ಮಲಗಿದವರ ಮೆದುಳು, ಕಣ್ಣು, ಸ್ನಾಯು, ಉಸಿರನ್ನು ರಾತ್ರಿಯಿಡೀ ಅಳೆಯುವ ಪ್ರಯೋಗಾಲಯ ನಿಮ್ಹಾನ್ಸಿನಲ್ಲಿದೆ. ಕೆಮ್ಮಣ್ಣುಗುಂಡಿಯಿಂದ ಅಲ್ಲಿಗೆ ಒಂದು ದಿನದ ದಾರಿ, ಮೂರು ದಿನದ ಕೂಲಿ ಖೋತಾ. ಮಂತ್ರವಾದಿ ಮನೆ ಬಾಗಿಲಿಗೇ ಬರುತ್ತಾನೆ, ಕನ್ನಡದಲ್ಲೇ ಮಾತಾಡುತ್ತಾನೆ, ಕಷ್ಟ ಕೇಳಿಸಿಕೊಳ್ಳೋದಕ್ಕೆ ಅವನಿಗೆ ಹೊತ್ತಿದೆ. ನಮ್ಮ ಜನ ದಡ್ಡರಾಗಿ ಅವನ ಹತ್ತಿರ ಹೋಗಲ್ಲ. ಬೇರೆ ಬಾಗಿಲುಗಳು ಮುಚ್ಚಿರೋದರಿಂದ ಹೋಗ್ತಾರೆ.

ಇದನ್ನು ಪೇಟೆಯ ವಿಚಾರವಾದಿಗಳಿಗೂ ಹೇಳಬೇಕು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸುವ ಸಮಿತಿ ಮಾಡಿದರು. ಅವರು ಸವಾಲು ಹಾಕಿದ್ದು ಗದ್ದುಗೆಯ ಮೇಲೆ ಕೂತ ದೊಡ್ಡ ಬಾಬಾಗಳಿಗೆ. ಆ ಧೈರ್ಯಕ್ಕೆ ನಮ್ಮ ಸಲಾಮು. ಇವತ್ತಿನ ಕೆಲವರು ಮಾತ್ರ ಹಳ್ಳಿಯ ಮುದುಕಿಯ ತಾಯತ ನೋಡಿ ನಗ್ತಾರೆ, ತಮ್ಮ ಮನೆಯ ಗೃಹಪ್ರವೇಶದ ಹೋಮಕ್ಕೆ ಪಂಚೆ ಉಟ್ಟು ಕೂರ್ತಾರೆ. ಎದೆ ಮೇಲೆ ಭಾರ ಕೂತಿದ್ದು ಸುಳ್ಳಲ್ಲ ಸ್ವಾಮಿ. ಭಾರ ನಿಜ, ಭಯ ನಿಜ, ಕಂಡಿದ್ದು ನಿಜವಾಗಿಯೂ ಕಂಡಿದ್ದೇ. ಅದಕ್ಕೆ ಕೊಟ್ಟ ಕಾರಣ ಮಾತ್ರ ತಪ್ಪು. ಮೊದಲು ಅವಳನ್ನು ನಂಬಿ, ಆಮೇಲೆ ಅವಳಿಗೆ ಪಾನ್ಸಿನ ಕತೆ ಹೇಳಿ. ನಕ್ಕವನ ಮಾತನ್ನು ಯಾರೂ ಕೇಳಲ್ಲ.

ಇನ್ನು ನಮ್ಮೊಳಗಿನ ಸಂಗಾತಿಗಳು. ಭೂಮಿಯ ಪ್ರಶ್ನೆ ಇದೆ, ಕೂಲಿಯ ಪ್ರಶ್ನೆ ಇದೆ, ಇವನೊಬ್ಬ ನಿದ್ದೆ ಬಗ್ಗೆ ಬರೀತಾನೆ ಅಂತ ನೀವು ಅನ್ನಬಹುದು. ಅಯ್ಯಾ, ನಿದ್ದೆಯೇ ಕೂಲಿಯ ಪ್ರಶ್ನೆ. ಕೆಲಸದ ಗಂಟೆಗಳ ಲೆಕ್ಕ ಅಂದರೆ ಇನ್ನೊಂದು ಕಡೆಯಿಂದ ನಿದ್ದೆಯ ಗಂಟೆಗಳ ಲೆಕ್ಕ. 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದವರು ಬಾಬಾಸಾಹೇಬ ಅಂಬೇಡ್ಕರ್. ಕಾರ್ಖಾನೆಯ ದುಡಿಮೆಯನ್ನು ವಾರಕ್ಕೆ 54 ಗಂಟೆಯಿಂದ 48ಕ್ಕೆ ಇಳಿಸಿದ 1946ರ ತಿದ್ದುಪಡಿಯನ್ನು ಮಂಡಿಸಿದವರು ಅವರೇ. ವಾರಕ್ಕೆ ಆರು ಗಂಟೆಯ ಬದುಕನ್ನು ಅವರು ಕೂಲಿಯವನಿಗೆ ವಾಪಸು ಕೊಡಿಸಿದರು. 2023ರಲ್ಲಿ ಕರ್ನಾಟಕ ಏನು ಮಾಡಿತು? ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆಯ ದುಡಿಮೆಗೆ, ಹೆಂಗಸರ ರಾತ್ರಿ ಪಾಳಿಗೆ ದಾರಿ ಮಾಡಿಕೊಟ್ಟಿತು. ವಾರದ ಮಿತಿ 48 ಗಂಟೆಯೇ ಇದೆ ಅಂದರು. ಹನ್ನೆರಡು ಗಂಟೆ ದುಡಿದು, ಬಸ್ಸಿನಲ್ಲಿ ಎರಡು ಗಂಟೆ ನಿಂತು, ಮನೆಗೆ ಬಂದು ಒಲೆ ಹಚ್ಚುವ ಹೆಂಗಸಿಗೆ ಆ ದಿನ ಎಷ್ಟು ಗಂಟೆ ನಿದ್ದೆ ಉಳಿಯಿತು ಅಂತ ವಿಧಾನಸೌಧದಲ್ಲಿ ಲೆಕ್ಕ ಹಾಕಿದವರು ಯಾರು? ಪಾಳಿ ಬದಲಾದಾಗಲೆಲ್ಲ, ನಿದ್ದೆ ಕಡಿಮೆಯಾದಾಗಲೆಲ್ಲ ಅರೆ ಎಚ್ಚರದ ಈ ಕಾಟಗಳು ಹೆಚ್ಚುತ್ತವೆ ಅಂತ ವೈದ್ಯಶಾಸ್ತ್ರ ಹೇಳುತ್ತೆ. ಪಾಳಿ ಬರೆದವನೇ ದೆವ್ವವನ್ನೂ ಬರೆದ ಅಂತ ನಾನು ಹೇಳ್ತೇನೆ.

ತೋಟದ ಲೈನುಗಳ ವಿಷಯವೂ ಇದೇ. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯಲ್ಲಿ ಮನೆ, ನೀರು, ಕಕ್ಕಸು, ಔಷಧಿ ಎಲ್ಲವನ್ನೂ ಮಾಲೀಕ ಒದಗಿಸಬೇಕು ಅಂತ ಬರೆದಿತ್ತು. ಬರೆದಿದ್ದು ಬರೆದಲ್ಲೇ ಉಳಿದ ಲೈನುಗಳು ಎಷ್ಟಿಲ್ಲ? ಹತ್ತಡಿ ಕೋಣೆಯಲ್ಲಿ ಆರು ಜನ, ಹೊಗೆ, ಮಳೆಗಾಲದ ಥಂಡಿ, ಸೊಳ್ಳೆ. ಕತ್ತಲಲ್ಲಿ ಹೊರಗೆ ಹೋಗೋದಕ್ಕೆ ಹೆದರಿ ಬಿಗಿಹಿಡಿದು ಮಲಗುವ ಹುಡುಗಿಯರು. ಇಂಥ ಕಡೆ ಬರುವ ತುಂಡು ನಿದ್ದೆ ಮೆದುಳನ್ನು ಅರ್ಧ ಎಬ್ಬಿಸದೆ ಇನ್ನೇನು ಮಾಡುತ್ತೆ? ದಿಲ್ಲಿಯ ರಾಮಲೀಲಾ ಮೈದಾನದಲ್ಲಿ ಮಲಗಿದ್ದ ಜನರ ಮೇಲೆ ಪೊಲೀಸರು ರಾತ್ರಿ ನುಗ್ಗಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2012ರ ಫೆಬ್ರವರಿಯಲ್ಲಿ ನಿದ್ದೆ ಮನುಷ್ಯನ ಮೂಲಭೂತ ಹಕ್ಕು ಅಂತ ಹೇಳಿತು. ಆ ಹಕ್ಕು ದಿಲ್ಲಿಯಿಂದ ಹೊರಟು ತರೀಕೆರೆ, ಲಿಂಗದಹಳ್ಳಿ ದಾಟಿ ಬೆಟ್ಟ ಹತ್ತೋದಕ್ಕೆ ಇನ್ನೆಷ್ಟು ವರ್ಷ ಬೇಕು?

ಪುರಾಣಗಳನ್ನೂ ಒಮ್ಮೆ ತೆರೆಯಿರಿ. ವಿಷ್ಣು ಹಾವಿನ ಮೇಲೆ ಮಲಗಿದರೆ ಯೋಗನಿದ್ರೆ. ಹೆಂಡತಿ ಕಾಲು ಒತ್ತುತ್ತಾಳೆ. ಕುಂಭಕರ್ಣ ಆರು ತಿಂಗಳು ಮಲಗಿದರೆ ರಾಕ್ಷಸ. ಕೂಲಿಯವನು ಮಧ್ಯಾಹ್ನ ಮರದ ಕೆಳಗೆ ಅರ್ಧ ಗಂಟೆ ಒರಗಿದರೆ ಸೋಮಾರಿ. ಪುರುಷಸೂಕ್ತ ಹೇಳಿತು, ಬ್ರಾಹ್ಮಣ ಮುಖದಿಂದ ಬಂದ, ಶೂದ್ರ ಪಾದದಿಂದ ಬಂದ ಅಂತ. ನಮಗೆ ಆ ಮೈಯಲ್ಲಿ ಜಾಗವೇ ಇಲ್ಲ. ತಲೆ ಮಲಗಿರುತ್ತೆ, ಕಾಲು ನಡೆಯುತ್ತಿರುತ್ತೆ, ಎಲ್ಲಿಗೆ ಅಂತ ಯಾರಿಗೂ ಗೊತ್ತಿಲ್ಲ. ಇದು ನಿದ್ದೆನಡಿಗೆಯ ಲಕ್ಷಣ ಅಂತ ಈಗಷ್ಟೇ ಹೇಳಿದೆನಲ್ಲ, ಈ ದೇಶಕ್ಕೆ ಬಂದ ಕಾಯಿಲೆಯೂ ಅದೇ. ಮೆದುಳನ್ನು ಕುಯ್ದು ನೋಡಿದ ಯಾವ ವಿಜ್ಞಾನಿಗೂ ಬ್ರಾಹ್ಮಣ ಪಾನ್ಸು, ಹೊಲೆಯ ಪಾನ್ಸು ಅಂತ ಎರಡು ಸಿಕ್ಕಿಲ್ಲ. ಆ ಒಂದೇ ಮಾತಿಗಾದರೂ ನಮ್ಮ ಮಕ್ಕಳು ನರವಿಜ್ಞಾನ ಓದಬೇಕು.

ಕೊನೆಯದಾಗಿ ಮೇಷ್ಟ್ರುಗಳಿಗೆ, ಹಾಸ್ಟೆಲ್ ವಾರ್ಡನ್‌ಗಳಿಗೆ, ಓದುವ ಹುಡುಗರಿಗೆ. ಮೊದಲ ಸಲ ಮನೆ ಬಿಟ್ಟು ಹಾಸ್ಟೆಲಿಗೆ ಬಂದ ಮಗು ಹೊಸ ಜಾಗದ ಭಯದಲ್ಲಿ, ನಿದ್ದೆಗೆಟ್ಟು, ಒಂದು ರಾತ್ರಿ ಕಿರುಚುತ್ತೆ ಅಥವಾ ನಡೆಯುತ್ತೆ. ಬೆಳಗಾಗುವುದರೊಳಗೆ ಹಾಸ್ಟೆಲಿನಲ್ಲಿ ದೆವ್ವ ಇದೆ ಅಂತ ಸುದ್ದಿ ಹಬ್ಬುತ್ತೆ. ಸಂಜೆಗೆ ಹತ್ತು ಮಕ್ಕಳು ಟ್ರಂಕು ಹೊತ್ತು ಊರಿಗೆ ಹೋಗ್ತಾವೆ. ಅದರಲ್ಲಿ ಇಬ್ಬರು ವಾಪಸು ಬರಲ್ಲ. ಮೂರು ತಲೆಮಾರು ಕಾದು ಸಿಕ್ಕ ಅಕ್ಷರ ಒಂದು ರಾತ್ರಿಯಲ್ಲಿ ಹೋಗುತ್ತೆ. ಇದನ್ನು ತಡೆಯೋದು ನಿಮ್ಮ ಕೈಯಲ್ಲಿದೆ.

ನಡೆಯುವ ಮಗುವಿಗೆ ಹೊಡೆಯಬೇಡಿ, ಜೋರಾಗಿ ಅಲುಗಾಡಿಸಬೇಡಿ, ಮೆಲ್ಲಗೆ ಕೈ ಹಿಡಿದು ಹಾಸಿಗೆಗೆ ತನ್ನಿ. ಬಾಗಿಲು, ಮೆಟ್ಟಿಲು, ಬಾವಿಯ ಕಡೆ ಹೋಗದ ಹಾಗೆ ನೋಡಿಕೊಳ್ಳಿ. ಒಂದು ನೋಟ್ ಪುಸ್ತಕ ಇಡಿ. ಮಲಗಿದ್ದು ಎಷ್ಟು ಹೊತ್ತಿಗೆ, ಎದ್ದಿದ್ದು ಎಷ್ಟು ಹೊತ್ತಿಗೆ, ಎಷ್ಟು ನಿಮಿಷ, ಬೆಳಿಗ್ಗೆ ನೆನಪಿತ್ತೋ ಇಲ್ಲವೋ ಬರೆಯಿರಿ. ಮಲಗಿದ ಒಂದೆರಡು ಗಂಟೆಯಲ್ಲಿ ಬಂದು, ನೆನಪಿಲ್ಲದಿದ್ದರೆ ಅದು ಹೆಚ್ಚಾಗಿ ಆಳದ ನಿದ್ದೆಯದು, ಹೆದರಬೇಡಿ. ಪ್ರತಿ ಸಲ ಒಂದೇ ಥರ ಕೈಕಾಲು ಸೆಟೆದು, ಒಂದೇ ರಾತ್ರಿ ಹಲವು ಸಲ ಬಂದರೆ, ನಾಲಿಗೆ ಕಚ್ಚಿಕೊಂಡಿದ್ದರೆ, ಹಾಸಿಗೆ ಒದ್ದೆಯಾಗಿದ್ದರೆ ಮೂರ್ಛೆ ಇರಬಹುದು. ಫೋನಿನಲ್ಲಿ ಚಿತ್ರ ತೆಗೆದು ವೈದ್ಯರಿಗೆ ಮಾತ್ರ ತೋರಿಸಿ. ಐವತ್ತು ದಾಟಿದವರು ನಿದ್ದೆಯಲ್ಲಿ ಹೊಡೆಯೋದು, ಒದೆಯೋದು ಶುರು ಮಾಡಿದರೆ, ಗೊರಕೆಯ ನಡುವೆ ಉಸಿರು ನಿಂತು ನಿಂತು ಬಂದರೆ ಅವರನ್ನೂ ವೈದ್ಯರ ಹತ್ತಿರ ಕಳಿಸಿ. ಆ ನೋಟ್ ಪುಸ್ತಕ ನಮ್ಮ ಕಡೆಯ ಸಾಕ್ಷಿ. ನಾಟಕ ಮಾಡ್ತಾನೆ ಅನ್ನುವ ಡಾಕ್ಟರ ಮುಂದೆ ಅದನ್ನು ಇಟ್ಟು ಕೂತುಕೊಳ್ಳಿ, ಏಳಬೇಡಿ.

ಸಂಘಟನೆಗಳು ಕೇಳಬೇಕಾದ್ದೂ ಇದೆ. ಮೂರ್ಛೆಯ ಮಾತ್ರೆ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವರ್ಷವಿಡೀ ಇರಬೇಕು. ಮಾನಸಿಕ ಚಿಕಿತ್ಸೆಯನ್ನು ತಾಲ್ಲೂಕಿನ ಮಟ್ಟಕ್ಕೆ ಇಳಿಸಬಹುದು ಅಂತ ನಿಮ್ಹಾನ್ಸ್ 1980ರ ದಶಕದಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು, ದೇಶವೇ ಅದನ್ನು ಮಾದರಿ ಮಾಡಿಕೊಂಡಿತು. ಹಾಗಿದ್ದ ಮೇಲೆ ನರರೋಗದ ವೈದ್ಯರು ತಿಂಗಳಿಗೊಂದು ದಿನ ತರೀಕೆರೆಗೆ ಬರೋದು ಯಾಕೆ ಆಗಲ್ಲ? ಔಷಧಿ ಹೊಡೆಯುವ ಕೂಲಿಗೆ ಮುಖಗವಸು, ಕೈಚೀಲ, ವರ್ಷಕ್ಕೊಮ್ಮೆ ತಪಾಸಣೆ ಮಾಲೀಕನ ಖರ್ಚಿನಲ್ಲಿ ಆಗಬೇಕು. ಲೈನಿಗೆ ದೀಪ, ಮನೆಗೊಂದು ಕಕ್ಕಸು ಬೇಕು. ಹನ್ನೆರಡು ಗಂಟೆಯ ಪಾಳಿ ಬೇಡ.

1990ರ ದಶಕದಲ್ಲಿ ನಮ್ಮ ನಾಡಿನ ಎಷ್ಟೋ ಬಾಗಿಲುಗಳ ಮೇಲೆ 'ನಾಳೆ ಬಾ' ಅಂತ ಬರೆದಿದ್ದರು. ರಾತ್ರಿ ಬಾಗಿಲು ಬಡಿಯುವ ದೆವ್ವ ಅದನ್ನು ಓದಿ ಹಿಂದಕ್ಕೆ ಹೋಗುತ್ತಂತೆ. ಆ ಮಾತನ್ನು ನಾವು ಎಲ್ಲಿ ಕಲಿತೆವು ಹೇಳಿ? ಕೂಲಿ ಕೇಳಿದಾಗ ದಣಿ ಹೇಳಿದ್ದು ನಾಳೆ ಬಾ. ಸರ್ಟಿಫಿಕೇಟು ಕೇಳಿದಾಗ ಕಚೇರಿ ಹೇಳಿದ್ದು ನಾಳೆ ಬಾ. ಮಗುವನ್ನು ಹೊತ್ತು ಹೋದಾಗ ಆಸ್ಪತ್ರೆ ಹೇಳಿದ್ದು ನಾಳೆ ಬಾ. ನಮ್ಮನ್ನು ಅಟ್ಟಿದ ಮಾತಿನಿಂದಲೇ ದೆವ್ವವನ್ನೂ ಅಟ್ಟಬಹುದು ಅಂತ ನಂಬಿದೆವು. ಆ ಬರಹ ಅಳಿಸೋಣ. ರಾತ್ರಿ ಬಾಗಿಲು ಬಡಿದವನಿಗೂ, ಬೆಳಿಗ್ಗೆ ತಾಯತ ಹಿಡಿದು ಬಂದವನಿಗೂ, ಪಾಳಿ ಪಟ್ಟಿ ಹಿಡಿದು ನಿಂತವನಿಗೂ ಇನ್ನು ಮೇಲೆ ಒಂದೇ ಮಾತು ಹೇಳೋಣ: ಇವತ್ತೇ ಬಾ, ದೀಪ ಹಚ್ಚಿದ್ದೇವೆ, ನಮ್ಮ ನಿದ್ದೆಯ ಲೆಕ್ಕ ಕೊಟ್ಟು ಹೋಗು.